ಚಾಪೆ ಮೇಲೆ ಕೂರಿಸಿದರೆ ಹಿಂದಕ್ಕೆ ಬೀಳುವ ಮಗು: ಅಂಗನವಾಡಿಯಲ್ಲಿ ಏನು ಮಾಡಬಹುದು?

ಅಂಗನವಾಡಿ ಟೀಚರ್, ಮೂಡಿಗೆರೆ ಕಡೆ:
ತೋಟದ ಲೈನ್ ಮನೆಯ (ಕೂಲಿಯವರ ಸಾಲುಮನೆ) ಹುಡುಗ, ಮೂರೂವರೆ ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರಲ್ಲ. ಕಾಲು ಬಿಗಿ, ಕತ್ತರಿ ಹಾಕಿದ ಹಾಗೆ ಒಂದರ ಮೇಲೊಂದು ಬರುತ್ತೆ. ಚಾಪೆ ಮೇಲೆ ಕಾಲು ಚಾಚಿ ಕೂರಿಸಿದರೆ ಹಿಂದಕ್ಕೆ ಬೀಳ್ತಾನೆ. ಊಟ ಮಾಡಿಸುವಾಗ ಕೆಮ್ಮು. ಸಹಾಯಕಿ ಮಡಿಲಲ್ಲೇ ಇಟ್ಟುಕೊಂಡರೆ ಅಡುಗೆ ನಿಲ್ಲುತ್ತೆ. ದಾರಿ ಹೇಳಿ.

ಫಿಸಿಯೊ, ಹಾಸನ:
ಟೀಚರ್, ಬೀಳೋಕೆ ಕಾರಣ ಬೆನ್ನಲ್ಲ, ತೊಡೆಯ ಹಿಂದಿನ ಸ್ನಾಯು. ಅದು ಬಿಗಿಯಾಗಿದ್ದರೆ ಕಾಲು ಚಾಚಿದ ಕೂಡಲೇ ಸೊಂಟವನ್ನು ಹಿಂದಕ್ಕೆ ಎಳೆಯುತ್ತೆ. ಮಂಡಿ ಮಡಿಸಿ ಕೂರಿಸಿ, ಅರ್ಧ ತೊಂದರೆ ಅಲ್ಲೇ ಕಮ್ಮಿ.
ಬಡಗಿ ಹತ್ತಿರ 12 ಮಿ.ಮೀ. ಪ್ಲೈವುಡ್‌ನಲ್ಲಿ ಪುಟ್ಟ ಕುರ್ಚಿ ಮಾಡಿಸಿ. ಸೀಟಿನ ಎತ್ತರ: ಮಂಡಿಯ ಹಿಂಬದಿಯಿಂದ ಹಿಮ್ಮಡಿವರೆಗೆ. ಆಳ: ಕುಂಡೆಯ ಹಿಂಬದಿಯಿಂದ ಮಂಡಿಯ ಹಿಂಬದಿವರೆಗೆ ಅಳೆದು ಎರಡು ಬೆರಳು ಕಳೆಯಿರಿ. ಸೀಟಿನ ಮುಂತುದಿ ಒಂದು ಬೆರಳು ಎತ್ತರವಿದ್ದರೆ ಜಾರಲ್ಲ. ಮಂಡಿಗಳ ನಡುವೆ ಬಟ್ಟೆ ಸುತ್ತಿದ ಗೂಟ ಬೇಕು. ಅದು ಮಂಡಿ ಹತ್ತಿರವೇ ಇರಲಿ, ತೊಡೆಸಂದಿಗೆ ಒತ್ತಬಾರದು. ಬೆಲ್ಟ್ ತೊಡೆಯ ಬುಡಕ್ಕೆ, ಹೊಟ್ಟೆಗೆ ಬೇಡ. ಪಾದ ಪೂರ್ತಿ ನೆಲಕ್ಕೆ ತಾಗಬೇಕು. ದೊಡ್ಡವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ನೇತಾಡಿದರೆ ಬಿಗಿತ ಜಾಸ್ತಿಯಾಗುತ್ತೆ.
ಮೊದಲ ವಾರ ಒಮ್ಮೆಗೆ 15–20 ನಿಮಿಷ ಸಾಕು. ಎತ್ತಿದ ಮೇಲೆ ಚರ್ಮ ನೋಡಿ: ಕೆಂಪು ಗುರುತು ಅರ್ಧ ಗಂಟೆಯಾದರೂ ಮಾಯವಾಗದಿದ್ದರೆ ಆ ಜಾಗಕ್ಕೆ ಮೆತ್ತೆ ಕಮ್ಮಿಯಾಗಿದೆ.

ವಿಶೇಷ ಶಿಕ್ಷಕಿ, ಸಕಲೇಶಪುರ:
ಪೇಪರ್, ಮೈದಾ ಅಂಟಿನ ರಟ್ಟಿನ ಕುರ್ಚಿ ಅಗ್ಗ ಅಂತ ಯಾರಾದರೂ ಹೇಳ್ತಾರೆ. ಬಯಲುಸೀಮೆಗೆ ಸರಿ. ನಮ್ಮ ಮಳೆಗೆ ಎರಡೇ ವಾರದಲ್ಲಿ ಬೂಸ್ಟು ಹಿಡಿಯುತ್ತೆ.
ಊಟದ ಕೆಮ್ಮಿಗೆ: ನಿಂತುಕೊಂಡು ತಿನ್ನಿಸಬೇಡಿ, ಮಗು ತಲೆ ಎತ್ತುತ್ತೆ, ಗಂಟಲಿನ ದಾರಿ ತೆರೆದು ಊಟ ಶ್ವಾಸನಾಳದ ಕಡೆ ಜಾರುತ್ತೆ. ಎದುರಿಗೆ ಕೂತು, ಚಮಚ ಗಲ್ಲಕ್ಕಿಂತ ಕೆಳಗಿನಿಂದ ತನ್ನಿ. ತಿಳಿಸಾರು ಬೇಡ; ಅನ್ನ ಬೇಳೆ ಗಟ್ಟಿಯಾಗಿ ನುರಿದು ಅರ್ಧ ಚಮಚ. ಮೊಟ್ಟೆಯ ಹಳದಿ ಒಣಗಿ ಪುಡಿಯಾಗುತ್ತೆ, ಅದನ್ನೂ ಅನ್ನದ ಜೊತೆ ಕಲಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ಕುರ್ಚಿಯಿಂದ ಎತ್ತಿದರೂ ನೆಟ್ಟಗೇ ಇರಲಿ. ಇಷ್ಟು ಮಾಡಿದರೂ ದನಿ ಗೊರಗೊರ ಅಂದರೆ, ಪದೇ ಪದೇ ಕಫ ಜ್ವರ ಬಂದರೆ ಬಾಯಿಗೆ ಕೊಡೋದು ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತೋರಿಸಿ.

ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ಚಿಕ್ಕಮಗಳೂರು:
ಮಕ್ಕಳ ಆರೋಗ್ಯ ತಪಾಸಣೆಯ ಆರ್.ಬಿ.ಎಸ್.ಕೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅವರು ಬರೋದನ್ನು ಕಾಯದೆ ಈಗಲೇ ರೆಫರಲ್ ಚೀಟಿ (ಆಸ್ಪತ್ರೆಗೆ ಕಳಿಸುವ ಚೀಟಿ) ಬರೆಸಿ. ಯು.ಡಿ.ಐ.ಡಿ. (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಹಾಕಿಸಿಕೊಡ್ತಾರೆ. ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕರೆ ನಿರಾಮಯ ಆರೋಗ್ಯ ವಿಮೆಗೂ ಸೇರಿಸಬಹುದು, ಸೆರೆಬ್ರಲ್ ಪಾಲ್ಸಿ ಅದರಲ್ಲಿದೆ, ಮಿತಿ 1 ಲಕ್ಷ ರೂ. ಲೈನ್ ಮನೆಯವರು ತೋಟ ಬದಲಾಯಿಸ್ತಾರೆ, ಆದ್ದರಿಂದ ಕಾಗದಗಳ ಒಂದು ಜೆರಾಕ್ಸ್ ಸೆಟ್ ತಾಯಿ ಕೈಯಲ್ಲೇ ಇರಲಿ.

ಅಂಗನವಾಡಿ ಟೀಚರ್, ಮೂಡಿಗೆರೆ ಕಡೆ:
ಅಳತೆ ಬರೆದುಕೊಂಡೆ. ಕುರ್ಚಿ ಅಡುಗೆಮನೆ ಬಾಗಿಲ ಹತ್ತಿರ ಇಟ್ಟರೆ ಸಹಾಯಕಿಗೆ ಕಣ್ಣಿಗೆ ಬೀಳ್ತಾನೆ, ಆಗಬಹುದಾ?

ವಿಶೇಷ ಶಿಕ್ಷಕಿ, ಸಕಲೇಶಪುರ:
ಬೇಡ ಅಕ್ಕ, ಒಲೆ ಹತ್ತಿರ ಅಪಾಯ. ಮಕ್ಕಳ ಸಾಲಿನಲ್ಲೇ ಇಡಿ. ಅವನ ಮೊಣಕೈ ಎತ್ತರಕ್ಕೆ ಒಂದು ಮಣೆ ಹಾಕಿ, ಪಕ್ಕದ ಮಗುವೂ ಅದರ ಮೇಲೇ ಹುಣಸೆಬೀಜ ಜೋಡಿಸಲಿ.