ರೋಮನ್ ಚಿನ್ನದ ನಾಣ್ಯ ಕೊಳ್ಳಬೇಕು, ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ಹತ್ತಿರ ರೋಮನ್ ಬೆಳ್ಳಿ ದಿನಾರಿಯಸ್‌ಗಳು ಒಂದಷ್ಟಿವೆ. ಚಿನ್ನದ್ದು ಒಂದಾದರೂ ಇರಲಿ ಅಂತ ದುಡ್ಡು ಕೂಡಿಸಿದ್ದೀನಿ. ಮೊದಲ ಕಾಲದ ಚಿನ್ನದ ನಾಣ್ಯ ಆರಿಯಸ್ ತಗೊಳ್ಳಲೋ, ಆಮೇಲೆ ಬಂದ ಹಗುರದ ಸಾಲಿಡಸ್ಸೋ? ಈಚೆಗೆ ಒಬ್ಬರು ಎರಡು ತೂತಿರುವ ಸಾಲಿಡಸ್ ತೋರಿಸಿ, ಹೊಲದಲ್ಲಿ ಸಿಕ್ಕಿದ್ದು, ಕಡಿಮೆಗೆ ಕೊಡ್ತೀನಿ ಅಂದರು. ತೂತು ಇದ್ದರೆ ನಕಲಿಯಾ?

ಹಾವೇರಿಯಿಂದ: ತೂತು ನೋಡಿ ನಕಲಿ ಅನ್ನೋಕೆ ಬರಲ್ಲ ಸರ್. ನಮ್ಮ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲೇ 40ಕ್ಕೂ ಹೆಚ್ಚು ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತ್ತು. ಅದರಲ್ಲಿ ಪೂರ್ವ ರೋಮ್‌ನ ಸಾಲಿಡಸ್‌ಗಳೂ ಇದ್ದವು, ಅವನ್ನು ನೋಡಿ ಮಾಡಿದ ಅನುಕರಣೆಗಳೂ ಇದ್ದವು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತು ಇರುತ್ತೆ. ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಮುಖ ನೆಟ್ಟಗೆ ನಿಲ್ಲಲಿ ಅಂತ. ಅನುಕರಣೆಯಲ್ಲಿ ಸುತ್ತಲಿನ ಅಕ್ಷರಗಳು ಓದೋಕೆ ಬರದ ಗೀಟುಗಳಾಗಿರುತ್ತವೆ. ಅವೂ ಹಳೆಯವೇ, ಮೋಸದ ಮಾಲಲ್ಲ, ನನಗಂತೂ ಅವುಗಳ ಮೇಲೇ ಹೆಚ್ಚು ಪ್ರೀತಿ.

ಆದರೆ "ಹೊಲದಲ್ಲಿ ಸಿಕ್ಕಿದ್ದು" ಅನ್ನೋ ಮಾತು ಕೇಳಿದ ಕೂಡಲೇ ಎದ್ದು ಬನ್ನಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅವರು ಹೇಳ್ತಿರೋದು ನಿಜವಾದರೆ ಕಾನೂನಿನ ತೊಂದರೆ, ಸುಳ್ಳಾದರೆ ನಾಣ್ಯದ್ದೇ ತೊಂದರೆ. ಇನ್ನೂ ಒಂದು ಸಂಕಟ ಅಂದ್ರೆ, ನಿಧಿ ಚದುರಿ ಹೋದರೆ ಯಾವ ನಾಣ್ಯ ಯಾವುದರ ಜೊತೆ, ಎಷ್ಟು ಆಳದಲ್ಲಿ ಇತ್ತು ಅನ್ನೋದು ಶಾಶ್ವತವಾಗಿ ಅಳಿಸಿಹೋಗುತ್ತೆ.

ಲಂಡನ್‌ನಿಂದ: ನಾಣ್ಯ ಎಲ್ಲಿಂದ ಬಂತು ಅನ್ನೋದರ ಬಗ್ಗೆ ಮೇಲಿನವರು ಹೇಳಿದ್ದು ಇಲ್ಲಿಗೂ ಅಷ್ಟೇ ಅನ್ವಯ. ಸೀಸರ್‌ನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರಲ್ಲಿ ಹೊರಡಿಸಿದ, ಎರಡು ಕಠಾರಿಗಳಿರುವ ಆರಿಯಸ್ ಒಂದು 2020ರಲ್ಲಿ 30 ಲಕ್ಷ ಪೌಂಡ್‌ಗೂ ಮೀರಿ ಹರಾಜಾಯಿತು. ಅದರ ಹಿಂದಿನ ಮಾಲೀಕರ ವಿವರ ಸುಳ್ಳು ಅಂತ ಬಯಲಾಗಿ 2023ರಲ್ಲಿ ಗ್ರೀಸ್‌ಗೆ ಹಿಂತಿರುಗಿಸಿದರು. ಹಾಗಾಗಿ ಹಳೆಯ ಹರಾಜು ಕ್ಯಾಟಲಾಗ್‌ನಲ್ಲಿ ಅದೇ ನಾಣ್ಯದ ಫೋಟೋ ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತಗೊಳ್ಳಿ.

ಆರಿಯಸ್ ಕೈಗೆಟುಕದಿದ್ದರೆ ಪಶ್ಚಿಮ ರೋಮ್‌ನ ಚಕ್ರವರ್ತಿ ಹೊನೋರಿಯಸ್‌ನ ಸಾಲಿಡಸ್‌ನಿಂದ ಶುರು ಮಾಡಿ. ಹಿಂಬದಿಯಲ್ಲಿ ನಿಂತ ಚಕ್ರವರ್ತಿಯ ಎಡಬಲಕ್ಕೆ ಎಮ್, ಡಿ ಅಂತಿದ್ದರೆ ಮಿಲಾನ್ ಟಂಕಸಾಲೆ. ಆರ್, ವಿ ಅಂತಿದ್ದರೆ ರವೆನ್ನಾ. ಗಾಥ್ ಅನ್ನೋ ಜರ್ಮನಿಕ್ ಬುಡಕಟ್ಟಿನವರ ದಾಳಿಗೆ ಬೆದರಿ 402ರಲ್ಲಿ ಅವನ ಆಸ್ಥಾನ ಮಿಲಾನ್‌ನಿಂದ ರವೆನ್ನಾಕ್ಕೆ ಹೋಯಿತು. ಆ ಗುಳೇ ಕಥೆ ಎರಡೇ ಅಕ್ಷರದಲ್ಲಿ ಅಂಗೈ ಮೇಲಿರುತ್ತೆ.

ಭಾರತದ ನಂಟೇ ಬೇಕು ಅಂದ್ರೆ ರೋಮ್‌ನ ಮೊದಲ ಇಬ್ಬರು ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಆರಿಯಸ್ ಬಗ್ಗೆ ಓದಿ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ಹಣದ ಲೆಕ್ಕ) ಹರಿದುಹೋಗುತ್ತೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದ. 1898ರಲ್ಲಿ ಪುದುಕೋಟೆಯಲ್ಲಿ 501 ಆರಿಯಸ್ ಸಿಕ್ಕವು. ಬಹುಪಾಲಿನಲ್ಲಿ ಚಕ್ರವರ್ತಿಯ ಮುಖಕ್ಕೆ ಉಳಿಯಿಂದ ಹೊಡೆದ ಗಾಯ. ಇನ್ನು ಚಲಾವಣೆಗಲ್ಲ, ಬರೀ ಚಿನ್ನ ಅಂತ ಗುರುತು ಮಾಡಿದ್ದಿರಬೇಕು ಅಂತಾರೆ ವಿದ್ವಾಂಸರು. ಅವುಗಳಲ್ಲಿ ಹಲವು ಇಲ್ಲಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಮೈಸೂರಿನಿಂದ: ತೂಕ ಮರೀಬೇಡಿ. ಆಗಸ್ಟಸ್‌ನ ಆರಿಯಸ್ 7.8 ಗ್ರಾಂ ಆಸುಪಾಸು, ನೀರೋ ಕ್ರಿ.ಶ. 64ರಲ್ಲಿ ಇಳಿಸಿದ ಮೇಲೆ 7.3, ಸಾಲಿಡಸ್ 4.5ರ ಒಳಗೆ. ಅಂಚನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ: ಎರಕದ ಗೆರೆ ಇದ್ದರೆ ಅಚ್ಚಿಗೆ ಎರೆದ ನಕಲಿ, ಬೇಡ. ಬೆಸುಗೆ ಗುರುತು ಇದ್ದರೆ ಒಡವೆಯಲ್ಲಿ ಕೂರಿಸಿ ತೆಗೆದದ್ದು. ಅಸಲಿಯೇ ಇರಬಹುದು, ಬೆಲೆ ಇಳಿಸಿ ಕೇಳಿ. ಅಕ್ಕಸಾಲಿಗರ ಹತ್ತಿರ ತೋರಿಸಿದರೂ ಒರೆಗಲ್ಲಿಗೆ ಮಾತ್ರ ಉಜ್ಜಲು ಬಿಡಬೇಡಿ.