ಪ್ರಶ್ನೋತ್ತರ: ಕಬಡ್ಡಿ, ವಾಲಿಬಾಲ್ ಜೆರ್ಸಿಗೆ ಯಾವ ಪಾಲಿಯೆಸ್ಟರ್ ನಿಟ್ ತರಿಸಬೇಕು?

ಪ್ರಶ್ನೆ (ದಾವಣಗೆರೆ, ಹೊಲಿಗೆ ಘಟಕ ನಡೆಸುವವರು): ನಮಸ್ಕಾರ ಸರ್. ನಮ್ಮದು ಚಿಕ್ಕ ಘಟಕ. ಇಷ್ಟು ದಿನ ಶಾಲೆ ಯೂನಿಫಾರ್ಮ್, ನೈಟಿ ಹೊಲಿಯುತ್ತಿದ್ದೆವು. ಈಗ ಒಂದು ಕಾಲೇಜಿನವರು ಕಬಡ್ಡಿ ಮತ್ತು ವಾಲಿಬಾಲ್ ತಂಡಕ್ಕೆ ಜೆರ್ಸಿ ಕೇಳುತ್ತಿದ್ದಾರೆ. ಹೋದ ಸಲ ಒಂದು ಅಂಗಡಿಯಲ್ಲಿ ಡ್ರೈಫಿಟ್ ಅಂತ ಕೊಟ್ಟ ಬಟ್ಟೆಯಲ್ಲೇ ಹೊಲಿದು ಕೊಟ್ಟೆವು. ಹುಡುಗರು "ಅಕ್ಕ, ಪ್ಲಾಸ್ಟಿಕ್ ಚೀಲ ಹಾಕ್ಕೊಂಡಂಗೆ ಆಗುತ್ತೆ" ಅಂದರು. ಬೆವರು ಆರುವಂಥ, ಗಾಳಿ ಆಡುವಂಥ ಪಾಲಿಯೆಸ್ಟರ್ ಎಲ್ಲಿ ಸಿಗುತ್ತದೆ? ವ್ಯಾಪಾರಿ ಹತ್ತಿರ ಏನಂತ ಕೇಳಬೇಕು?

ಉತ್ತರ (ನಿಟಿಂಗ್ ಮತ್ತು ಡೈಯಿಂಗ್ ಕೆಲಸದವರು): ಅಕ್ಕ, ಡ್ರೈಫಿಟ್ ಅಂತ ಕೇಳಿದರೆ ಅಂಗಡಿಯವರು ರ‍್ಯಾಕ್‌ನಲ್ಲಿರುವ ಯಾವ ಪಾಲಿಯೆಸ್ಟರ್ ರೋಲ್ ಬೇಕಾದರೂ ಎಳೆದು ಕೊಡುತ್ತಾರೆ. ಕೇಳಬೇಕಾದ್ದು ನೂಲಿನ ನಂಬರ್, ಹೆಣಿಗೆ, ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು), ಫಿನಿಶ್ (ಬಟ್ಟೆಗೆ ಕೊನೆಯಲ್ಲಿ ಸವರುವ ಕೆಮಿಕಲ್).

ನೂಲಿನಿಂದ ಶುರು ಮಾಡೋಣ. ಹತ್ತಿ ನೂಲು ಸಾಧಾರಣ ಹವೆಯಲ್ಲೇ ತನ್ನ ತೂಕದ ಸುಮಾರು 8.5% ತೇವ ಹಿಡಿದುಕೊಂಡಿರುತ್ತದೆ. ಪಾಲಿಯೆಸ್ಟರ್ ಹಿಡಿಯುವುದು 0.4% ಮಾತ್ರ. ಅಂದರೆ ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದೇ ಇಲ್ಲ. ಬೆವರು ಎಳೆಗಳ ನಡುವಿನ ಸಂದಿಯಲ್ಲಿ ಹರಿದು ಬಟ್ಟೆಯ ಹೊರಮೈಗೆ ಬರಬೇಕು, ಅಲ್ಲಿ ಆರಬೇಕು. ಸಂದಿ ಇಲ್ಲದಿದ್ದರೆ ನಿಮ್ಮ ಹುಡುಗರು ಹೇಳಿದ ಕಥೆಯೇ.

ಈ ಸಂದಿ ಮಾಡುವುದಕ್ಕೇ ಟೆಕ್ಸ್ಚರಿಂಗ್ ಅಂತ ಒಂದು ಕೆಲಸ ಇದೆ. ಕಾರ್ಖಾನೆಯಿಂದ ಬರುವ ಪಿಒವೈ (ಇನ್ನೂ ಪೂರ್ತಿ ಎಳೆಯದ) ನೂಲು ನುಣ್ಣಗೆ, ನೇರವಾಗಿ ಇರುತ್ತದೆ. ಅದನ್ನು ಎಳೆದು, ಕಾಯಿಸಿ, ತಿರುಗುವ ಡಿಸ್ಕ್‌ಗಳ ಮಧ್ಯೆ ಹುರಿ ಕೊಟ್ಟು, ತಣಿಸಿ ಮತ್ತೆ ಹುರಿ ಬಿಡಿಸುತ್ತಾರೆ. ಆದರೆ ಬಿಸಿಯಲ್ಲಿ ಬಿದ್ದ ಸುರುಳಿ ಹೋಗುವುದಿಲ್ಲ. ಪ್ರತಿ ಎಳೆಯೂ ಗುಂಗುರಾಗಿ ನೂಲು ಉಬ್ಬುತ್ತದೆ. ಇದೇ ಡಿಟಿವೈ. ಸೂರತ್, ಸಿಲ್ವಾಸಾ ಕಡೆ ಇದು ರಾಶಿ ರಾಶಿ ತಯಾರಾಗುತ್ತದೆ.

ನೂಲಿನ ನಂಬರ್ 75/36 ಅಥವಾ 75/72 ಅಂತ ಬರುತ್ತದೆ. ಮೊದಲನೆಯದು ಡೆನಿಯರ್, ಅಂದರೆ 9000 ಮೀಟರ್ ನೂಲಿನ ತೂಕ ಗ್ರಾಮಿನಲ್ಲಿ. ಎರಡನೆಯದು ಆ ನೂಲಿನೊಳಗೆ ಎಷ್ಟು ಎಳೆ ಇವೆ ಅನ್ನುವುದು. ಅದೇ 75 ಡೆನಿಯರ್‌ನಲ್ಲಿ 36ರ ಬದಲು 72 ಎಳೆ ಇದ್ದರೆ ಎಳೆ ಸಣ್ಣ, ಸಂದಿ ಜಾಸ್ತಿ, ಬಟ್ಟೆ ಮೃದು, ಬೆವರು ಬೇಗ ಹರಡುತ್ತದೆ. ಜೆರ್ಸಿಗೆ 75/72 ಕೇಳಿ. ವ್ಯಾಪಾರಿಗೆ ಈ ನಂಬರ್ ಗೊತ್ತಿಲ್ಲ ಅಂದರೆ ಅವರು ಬರೀ ಕೈ ಬದಲಾಯಿಸುವವರು ಅಂತ ತಿಳಿದುಕೊಳ್ಳಿ.

ಆಮೇಲೆ ಹೆಣಿಗೆ. ಮಾರ್ಕೆಟ್‌ನಲ್ಲಿ ಡಾಟ್ ನಿಟ್, ರೈಸ್ ನಿಟ್, ಹನಿಕೋಂಬ್ ಅಂತೆಲ್ಲ ಕರೆಯುವುದು ಹೆಚ್ಚಾಗಿ ಒಂದೇ ಉಪಾಯದ ಮೇಲೆ ನಿಂತಿದೆ. ಕೆಲವು ಸೂಜಿಗಳು ಹಳೆಯ ಕುಣಿಕೆಯನ್ನು ಬಿಡದೆ ಹೊಸ ನೂಲನ್ನೂ ಹಿಡಿದುಕೊಳ್ಳುತ್ತವೆ. ಇದಕ್ಕೆ ಟಕ್ ಅನ್ನುತ್ತಾರೆ. ಟಕ್ ಬಿದ್ದ ಕಡೆ ಬಟ್ಟೆ ಉಬ್ಬಿ, ಪಕ್ಕದಲ್ಲಿ ಸಣ್ಣ ತೂತು ಬೀಳುತ್ತದೆ. ಒಳಮೈ ಪೂರ್ತಿಯಾಗಿ ಚರ್ಮಕ್ಕೆ ತಾಗದೆ ಅಲ್ಲಲ್ಲಿ ಮಾತ್ರ ತಾಗುವುದರಿಂದ ಒದ್ದೆಯಾದರೂ ಅಷ್ಟು ಅಂಟುವುದಿಲ್ಲ.

ವಾಲಿಬಾಲ್‌ಗೆ 130–140 ಜಿಎಸ್‌ಎಂ ಡಾಟ್ ನಿಟ್ ಸಾಕು. ಕಬಡ್ಡಿಗೆ ಮಾತ್ರ ಅದನ್ನು ಕೊಡಬೇಡಿ. ಅಲ್ಲಿ ಜೆರ್ಸಿ ಹಿಡಿದು ಎಳೆಯುತ್ತಾರೆ, ಉಗುರು ಸಿಕ್ಕಿಕೊಳ್ಳುತ್ತದೆ, ತೂತಿನ ಬಟ್ಟೆಯಲ್ಲಿ ಎಳೆ ಕಿತ್ತು ಬರುತ್ತದೆ. ಕಬಡ್ಡಿಗೆ 160–180 ಜಿಎಸ್‌ಎಂ ಮೈಕ್ರೋ ಇಂಟರ್‌ಲಾಕ್ (ಎರಡೂ ಮೈ ನುಣ್ಣಗಿರುವ ಬಿಗಿ ಹೆಣಿಗೆ) ಒಳ್ಳೆಯದು. ಸ್ವಲ್ಪ ಸೆಕೆ ಜಾಸ್ತಿ, ಆದರೆ ಅರ್ಧ ಮ್ಯಾಚ್‌ಗೆ ಹರಿದು ಹೋಗುವುದಕ್ಕಿಂತ ವಾಸಿ ಅಲ್ವಾ?

ಅದೇ ಸದಸ್ಯೆ: ಸರ್, ಫಿನಿಶ್ ಅಂದಿರಲ್ಲ, ಅದನ್ನು ನಾವು ಹೇಗೆ ನೋಡುವುದು? ಲ್ಯಾಬ್‌ಗೆ ಕಳಿಸುವಷ್ಟು ದೊಡ್ಡ ಆರ್ಡರ್ ಅಲ್ಲ ನಮ್ಮದು.

ಉತ್ತರ: ಲ್ಯಾಬ್ ಬೇಡ. ಸ್ಯಾಂಪಲ್ ಅರ್ಧ ಮೀಟರ್ ತರಿಸಿ. ಬಟ್ಟೆಯನ್ನು ಒಂದು ಬಟ್ಟಲ ಬಾಯಿಗೆ ರಬ್ಬರ್‌ಬ್ಯಾಂಡ್ ಹಾಕಿ ಬಿಗಿದು, ಒಳಮೈ ಮೇಲೆ ಬರುವ ಹಾಗೆ ಇಡಿ. ಒಂದು ಹನಿ ನೀರು ಬಿಡಿ. ಹನಿ ತಟ್ಟನೆ ಇಂಗಿ ಅಗಲವಾಗಿ ಹರಡಿದರೆ ಚೆನ್ನಾಗಿದೆ. ಮಣಿಯಂತೆ ಮೇಲೇ ನಿಂತರೆ ಬೇಡ.

ಆದರೆ ಅಷ್ಟಕ್ಕೇ ನಂಬಬೇಡಿ. ಹೊಸ ಬಟ್ಟೆಗೆ ನೀರು ಹೀರುವ ಕೆಮಿಕಲ್ ಸವರಿರುತ್ತಾರೆ, ಅಗ್ಗದ್ದಾದರೆ ಕೆಲವೇ ಒಗೆತಕ್ಕೆ ಹೋಗುತ್ತದೆ. ಅದೇ ತುಂಡನ್ನು ಸಾಬೂನು ಪುಡಿ ಹಾಕಿ ಐದು ಸಲ ಒಗೆದು ಒಣಗಿಸಿ, ಮತ್ತೆ ಹನಿ ಬಿಡಿ. ಆಗಲೂ ಇಂಗಿದರೆ ಆರ್ಡರ್ ಹಾಕಿ. ಕೈಗೆ ಬೆಣ್ಣೆಯಷ್ಟು ನುಣ್ಣಗಿದೆ ಅಂತ ಮರುಳಾಗುವುದೂ ಬೇಡ. ಬಹಳ ಸಲ ಅದು ಸಿಲಿಕೋನ್ ಸಾಫ್ಟ್‌ನರ್. ನಾವು ಕಷ್ಟಪಟ್ಟು ಮಾಡಿದ ಸಂದಿಯನ್ನೆಲ್ಲ ಅದು ಮುಚ್ಚಿ ಹಾಕುತ್ತದೆ. ಮನೆಯಲ್ಲಿ ಹಾಕುವ ಕಂಫರ್ಟ್ ಥರದ್ದೂ ಅಷ್ಟೇ, ಹುಡುಗರಿಗೆ ಹೇಳಿಬಿಡಿ.

ಇನ್ನೊಬ್ಬ ಸದಸ್ಯ (ಹರಿಹರ): ನಮ್ಮ ತಂಡಕ್ಕೆ ಒಳ್ಳೆ ಬಟ್ಟೆಯನ್ನೇ ಹಾಕಿಸಿದ್ದೆವು. ದಾವಣಗೆರೆಯಲ್ಲಿ ಆಡುವಾಗ ಏನೂ ತೊಂದರೆ ಇರಲಿಲ್ಲ. ಮಂಗಳೂರಿಗೆ ಟೂರ್ನಮೆಂಟ್‌ಗೆ ಹೋದಾಗ ಅದೇ ಜೆರ್ಸಿ ಒದ್ದೆ ಮುದ್ದೆ. ಯಾಕೆ?

ಉತ್ತರ: ಬಟ್ಟೆ ಬೆವರನ್ನು ಹೊರಮೈಗೆ ತಂದು ನಿಲ್ಲಿಸುತ್ತದೆ, ಆರಿಸುವುದು ಗಾಳಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು ಎಷ್ಟೇ ಇರಲಿ, ಗಾಳಿ ಒಣ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನಷ್ಟು ಎಲ್ಲಿಂದ ಎಳೆದುಕೊಳ್ಳಬೇಕು? ಅಲ್ಲಿಗೆ ಕಡಿಮೆ ಜಿಎಸ್‌ಎಂ, ದೊಡ್ಡ ತೂತು, ಸಡಿಲ ಅಳತೆ ಬೇಕು. ಅಷ್ಟಾದರೂ ಪೂರ್ತಿ ಆರುವುದಿಲ್ಲ.

ಮತ್ತೊಬ್ಬ ಸದಸ್ಯ (ದಾವಣಗೆರೆ): ಅಣ್ಣ, ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಒಂದು ಸರ್ಕ್ಯುಲರ್ (ಸುತ್ತಲೂ ಹೆಣೆಯುವ) ಮಷಿನ್ ಹಾಕಿ ಈ ಬಟ್ಟೆ ಇಲ್ಲೇ ಯಾಕೆ ಮಾಡಬಾರದು? ಪ್ರತಿ ಸಲ ತಿರುಪ್ಪೂರಿಗೆ ಯಾಕೆ ಓಡಬೇಕು?

ಉತ್ತರ: ಆ ಹೆಸರು ಬಂದದ್ದು ಹತ್ತಿ ಮಿಲ್‌ಗಳಿಂದ ತಮ್ಮ. ಇದು ಬೇರೆ ಕಸುಬು. ಹೆಣೆಯುವುದು ದೊಡ್ಡ ವಿಷಯವಲ್ಲ. 24 ಅಥವಾ 28 ಗೇಜ್ (ಇಂಚಿಗೆ ಅಷ್ಟು ಸೂಜಿ) ಮಷಿನ್ ಒಂದು, ಗೊತ್ತಿರುವ ಆಪರೇಟರ್ ಒಬ್ಬ ಇದ್ದರೆ ಗ್ರೇ ಬಟ್ಟೆ, ಅಂದರೆ ಬಣ್ಣ ಹಾಕದ ಬಟ್ಟೆ, ಇಳಿಯುತ್ತದೆ. ಕಷ್ಟ ಇರುವುದು ಅದಾದ ಮೇಲೆ. ಪಾಲಿಯೆಸ್ಟರ್‌ಗೆ ಹಾಕುವ ಡಿಸ್ಪರ್ಸ್ ಅನ್ನುವ ಬಣ್ಣ ಹಿಡಿಯಬೇಕಾದರೆ ಒತ್ತಡದ ಮಷಿನ್‌ನಲ್ಲಿ ನೀರನ್ನು 130 ಡಿಗ್ರಿವರೆಗೆ ಕಾಯಿಸಬೇಕು. ಆಮೇಲೆ ಸ್ಟೆಂಟರ್‌ನಲ್ಲಿ (ಬಟ್ಟೆಯನ್ನು ಅಗಲಕ್ಕೆ ಹಿಡಿದು ಬಿಸಿಗಾಳಿ ಕೊಡುವ ಮಷಿನ್) 180 ಡಿಗ್ರಿ ಆಸುಪಾಸಿನಲ್ಲಿ ಹೀಟ್ ಸೆಟ್ ಮಾಡಬೇಕು. ಇಲ್ಲದಿದ್ದರೆ ಅಗಲವೂ ನಿಲ್ಲುವುದಿಲ್ಲ, ಅಳತೆಯೂ ನಿಲ್ಲುವುದಿಲ್ಲ. ಬಾಯ್ಲರ್, ಸ್ಟೆಂಟರ್, ಬಣ್ಣದ ನೀರು ಶುದ್ಧ ಮಾಡುವ ಘಟಕ, ಇಷ್ಟನ್ನೂ ಒಂದು ಮಷಿನ್ ಉತ್ಪಾದನೆಯ ಮೇಲೆ ಸಾಕುವುದು ಆಗದ ಮಾತು.

ನನ್ನ ಸಲಹೆ ಕೇಳಿದರೆ ಬಣ್ಣದ ಬಟ್ಟೆಯ ಗೊಡವೆಯೇ ಬೇಡ. ಬಿಳಿ ಬಟ್ಟೆ ಮಾತ್ರ ತರಿಸಿ. ಪೀಸ್ ಕತ್ತರಿಸಿ, ಸಬ್ಲಿಮೇಶನ್ ಪ್ರಿಂಟ್ (ಕಾಗದದ ಮೇಲಿನ ಬಣ್ಣವನ್ನು ಬಿಸಿಯಿಂದ ಬಟ್ಟೆಗೆ ಇಳಿಸುವುದು) ಮಾಡಿಸಿ, ಆಮೇಲೆ ಹೊಲಿಯಿರಿ. ಯಾವ ತಂಡ ಬಂದರೂ ಅದೇ ರೋಲ್, ಬಣ್ಣದ ಸ್ಟಾಕ್ ಉಳಿಯುವುದಿಲ್ಲ. ಇದರಲ್ಲೂ ಒಂದು ಐಬು ಇದೆ. ಪ್ರಿಂಟ್ ಮೇಲ್ಮೈಯಲ್ಲಷ್ಟೇ ಕೂರುವುದರಿಂದ ಕಡು ಬಣ್ಣದ ಜೆರ್ಸಿಯನ್ನು ಎಳೆದಾಗ ನಡುವೆ ಬಿಳಿ ಇಣುಕುತ್ತದೆ. ಬಟ್ಟೆ ಬಿಗಿ ಹೆಣಿಗೆಯದ್ದಾದರೆ ಅಷ್ಟು ಕಾಣುವುದಿಲ್ಲ. ಪ್ರಿಂಟ್‌ಗೆ ಕಳಿಸುವ ಮುಂಚೆ ಒಂದು ತುಂಡನ್ನು ಹೀಟ್ ಪ್ರೆಸ್‌ಗೆ ಕೊಟ್ಟು ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಅಳೆಯಿರಿ. ಪ್ರೆಸ್ 200 ಡಿಗ್ರಿ ಹತ್ತಿರ ಇರುತ್ತದೆ. ಸರಿಯಾಗಿ ಹೀಟ್ ಸೆಟ್ ಆಗದ ಬಟ್ಟೆ ಅಲ್ಲೇ ಕುಗ್ಗುತ್ತದೆ.

ಸದಸ್ಯ (ಚಳ್ಳಕೆರೆ): ನಮ್ಮ ಸ್ಕೂಲ್ ಸ್ಪೋರ್ಟ್ಸ್ ಟೀ ಶರ್ಟ್ ಕೆಂಪು. ಬೆನ್ನ ಮೇಲೆ ಬಿಳಿ ನಂಬರ್ ಪ್ರಿಂಟ್ ಹಾಕಿಸಿದೆವು. ಎರಡು ದಿನದಲ್ಲಿ ನಂಬರ್ ಎಲ್ಲ ರೋಸ್ ಆಗಿಬಿಟ್ಟಿದೆ. ಶಾಯಿ ಡೂಪ್ಲಿಕೇಟಾ?

ಉತ್ತರ: ಶಾಯಿ ತಪ್ಪಲ್ಲ. ಬಟ್ಟೆಯ ಡಿಸ್ಪರ್ಸ್ ಬಣ್ಣ ಬಿಸಿಗೆ ಆವಿಯಾಗಿ ಮೇಲಿನ ಬಿಳಿ ಪದರಕ್ಕೆ ಏರಿದೆ. ಮಾಮೂಲಿ ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಥರದ) ಶಾಯಿ ಕ್ಯೂರ್ ಮಾಡುವುದಕ್ಕೆ, ಅಂದರೆ ಬಿಸಿ ಕೊಟ್ಟು ಗಟ್ಟಿಯಾಗಿಸುವುದಕ್ಕೆ, 160 ಡಿಗ್ರಿ ಬೇಕು, ಆ ಬಿಸಿಗೆ ಕೆಂಪು, ಮರೂನ್ ಬಟ್ಟೆಗಳು ಬಹಳ ಸಲ ಕೈಕೊಡುತ್ತವೆ. ಪ್ರಿಂಟ್‌ನವರಿಗೆ ಕಡಿಮೆ ಬಿಸಿಯಲ್ಲಿ ಆಗುವ ಲೋ ಬ್ಲೀಡ್ ಬಿಳಿ (ಬಟ್ಟೆಯ ಬಣ್ಣವನ್ನು ಅಷ್ಟಾಗಿ ಏರಲು ಬಿಡದ ಶಾಯಿ) ಹಾಕಿ, ಅದರ ಕೆಳಗೆ ಬಣ್ಣ ತಡೆಯುವ ಬೂದು ಬ್ಲಾಕರ್ ಪದರ ಕೊಡಿ ಅಂತ ಹೇಳಿ. ಈಗ ಆಗಿರುವುದನ್ನು ಸರಿ ಮಾಡುವುದಕ್ಕೆ ದಾರಿ ಇಲ್ಲ.

ಮೊದಲ ಸದಸ್ಯೆ: ಕೊನೆಯ ಪ್ರಶ್ನೆ ಸರ್. ಕೆಜಿ ಲೆಕ್ಕದಲ್ಲಿ ರೇಟ್ ಹೇಳುತ್ತಾರೆ. ನಮಗೆ ಮೀಟರ್ ಲೆಕ್ಕ ಮಾತ್ರ ಗೊತ್ತು. ತಿರುಪ್ಪೂರಿಂದ ತರಿಸಲೋ, ಲೂಧಿಯಾನದಿಂದಲೋ?

ಉತ್ತರ: ಲೂಧಿಯಾನ, ಸೂರತ್‌ನಲ್ಲಿ ಪಾಲಿಯೆಸ್ಟರ್ ನಿಟ್ ಬಗೆ ಜಾಸ್ತಿ. ತಿರುಪ್ಪೂರು ಮೂಲತಃ ಹತ್ತಿ ಬನಿಯನ್ ಊರು, ಈಗ ಪಾಲಿಯೆಸ್ಟರ್ ಕೂಡ ಚೆನ್ನಾಗಿಯೇ ಮಾಡುತ್ತಾರೆ. ನಿಮಗೆ ತಿರುಪ್ಪೂರು ಹತ್ತಿರ. ಒಂದು ರೋಲ್ ಕೆಟ್ಟರೆ ವಾಪಸ್ ಕಳಿಸುವುದು ಸುಲಭ, ಒಮ್ಮೆ ಬಸ್ ಹತ್ತಿ ಹೋಗಿ ಕಣ್ಣಾರೆ ನೋಡಿ ಬರಲೂಬಹುದು. ಅದಕ್ಕೇ ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ.

ಲೆಕ್ಕ ಹೀಗೆ: 68 ಇಂಚು ಅಗಲದ 140 ಜಿಎಸ್‌ಎಂ ಬಟ್ಟೆ ಕೆಜಿಗೆ ನಾಲ್ಕು ಮೀಟರ್ ಚಿಲ್ಲರೆ ಬರುತ್ತದೆ. ಅದೇ 160 ಬಂದುಬಿಟ್ಟರೆ ಕೆಜಿಗೆ 3.6 ಮೀಟರ್. 140 ಅಂತ ಹೇಳಿ 160 ಕಳಿಸಿದರೆ ಪ್ರತಿ ಕೆಜಿಗೆ ಅರ್ಧ ಮೀಟರ್ ನಿಮಗೆ ಖೋತಾ, ರೇಟ್ ಮಾತ್ರ ಅದೇ. ರೋಲ್ ಬಂದ ಕೂಡಲೇ 10 ಸೆಂಮೀ ಉದ್ದ, 10 ಸೆಂಮೀ ಅಗಲದ ತುಂಡು ಕತ್ತರಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. 1.4 ಗ್ರಾಂ ಬಂದರೆ 140 ಜಿಎಸ್‌ಎಂ. ರೋಲಿನ ಎರಡು ಮೂರು ಕಡೆ ನೋಡಿ.

ಬಣ್ಣದ ಬಟ್ಟೆಯೇ ಬೇಕು ಅಂತ ಕಾಲೇಜಿನವರು ಹಟ ಹಿಡಿದರೆ ಪೂರ್ತಿ ಆರ್ಡರ್‌ಗೆ ಬೇಕಾದ್ದನ್ನು ಒಂದೇ ಲಾಟ್‌ನಿಂದ (ಒಂದೇ ಸಲ ಬಣ್ಣ ಹಾಕಿದ್ದರಿಂದ) ತರಿಸಿ, ಕಾಲರ್‌ಗೆ ಬೇಕಾದ್ದನ್ನೂ ಸೇರಿಸಿ. ಇನ್ನೊಂದು ಲಾಟ್ ತೋಳಿಗೆ ಹಾಕಿದರೆ ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಾಣುತ್ತದೆ, ಮೈದಾನದ ಬಿಸಿಲಿಗೆ ಬಂದ ಕೂಡಲೇ ತೋಳು ಬೇರೆ, ಮೈ ಬೇರೆ.

ರೋಲ್ ಬಿಚ್ಚಿ ಒಂದು ರಾತ್ರಿ ಸಡಿಲವಾಗಿ ಹರಡಿಟ್ಟು ಮಾರನೇ ದಿನ ಕತ್ತರಿಸಿ. ಯೂನಿಫಾರ್ಮ್ ಹೊಲಿಯುವ ಚೂಪು ಸೂಜಿ ಬೇಡ, ಕುಣಿಕೆ ಕತ್ತರಿಸಿ ಸಾಲಾಗಿ ತೂತು ಬೀಳುತ್ತದೆ. ಬಾಲ್ ಪಾಯಿಂಟ್ 11 ನಂಬರ್ ಹಾಕಿ. ಕಬಡ್ಡಿಯದ್ದಕ್ಕೆ ಭುಜ ಮತ್ತು ಕಂಕುಳಲ್ಲಿ ನಾಲ್ಕು ದಾರದ ಓವರ್‌ಲಾಕ್ ಮೇಲೆ ಇನ್ನೊಂದು ಹೊಲಿಗೆ ಬೀಳಲಿ.