ಅಪ್‌ಡೇಟ್: ಬೆಂಕಿಪೊಟ್ಟಣದ ರೈಲು ಮತ್ತೆ ಓಡಿತು

ಹೋದ ತಿಂಗಳು ಕೇಳಿದ್ದೆ: ಆರನೇ ಕ್ಲಾಸಲ್ಲಿದ್ದಾಗ ಕೋಲಾರದ ಮನೆಯಲ್ಲಿ ಅಪ್ಪನ ಜೊತೆ ಕೂತು ಬೆಂಕಿಪೊಟ್ಟಣದಲ್ಲಿ ನಮ್ಮ ಬಂಗಾರಪೇಟೆ–ಚಿಕ್ಕಬಳ್ಳಾಪುರ ನ್ಯಾರೋಗೇಜ್ ರೈಲು ಮಾಡಿದ್ದೆ, ಅದನ್ನೇ ಈಗ ಅಳತೆಗೆ ತಕ್ಕಂತೆ ಮಾಡಿ ಓಡಿಸಬೇಕು, ಯಾವ ಹಳಿ ತರಲಿ ಅಂತ.

9 ಮಿ.ಮೀ. ಹಳಿ ತಗೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಲೆಕ್ಕ ಹಾಕಿ ನೋಡಿದೆ. ಆ ಲೈನಿನ ಗೇಜು (ಎರಡು ಹಳಿಗಳ ನಡುವಿನ ಅಂತರ) ಆಗ 762 ಮಿ.ಮೀ. ಇತ್ತು, 1:87 ಅಳತೆಗೆ, ಅಂದರೆ ನಿಜದ 87ನೇ ಒಂದು ಭಾಗಕ್ಕೆ ಇಳಿಸೋಕೆ 87ರಿಂದ ಭಾಗಿಸಿದರೆ 8.76 ಮಿ.ಮೀ. ಇಷ್ಟು ಹತ್ತಿರ ಬರುತ್ತೆ ಅಂದುಕೊಂಡಿರಲಿಲ್ಲ. ಹಾಗಾಗಿ ಬೋಗಿಗಳನ್ನೆಲ್ಲ 1:87ಕ್ಕೆ ಕಾರ್ಡ್‌ಬೋರ್ಡಲ್ಲಿ ಹೊಸದಾಗಿ ಕತ್ತರಿಸಿದೆ.

ತಿರುವಲ್ಲಿ ಮಾತ್ರ ವಾರವಿಡೀ ಕಾಡಿತು. ನೇರ ಹಳಿ ಮೇಲೆ ಚೆನ್ನಾಗಿ ಹೋಗೋ ಬೋಗಿ, ತಿರುವು ಬಂದ ತಕ್ಷಣ ಒಳಗಡೆಗೆ ವಾಲಿ ಬೀಳೋದು. ಕಾರ್ಡ್‌ಬೋರ್ಡ್ ತೀರಾ ಹಗುರ, ಎಂಜಿನ್ ಎಳೆದ ಕಡೆಗೇ ಬಾಗುತ್ತೆ. ಪ್ರತಿ ಬೋಗಿಯ ತಳಕ್ಕೆ, ಚಕ್ರಗಳ ನೇರಕ್ಕೆ, ಹಳೇ 25 ಪೈಸೆ ನಾಣ್ಯ ಎರಡೆರಡು ಅಂಟಿಸಿದೆ. ತಿರುವನ್ನೂ ಸ್ವಲ್ಪ ಅಗಲ ಮಾಡಿದೆ. ಆಮೇಲೆ ಒಂದು ಸಲವೂ ಬಿದ್ದಿಲ್ಲ.

ಇನ್ನೊಂದು ವಿಷಯ. ಅಮ್ಮ ಅಟ್ಟದಿಂದ ಒಂದು ಡಬ್ಬ ಇಳಿಸಿಕೊಟ್ಟರು. ಅದರಲ್ಲಿ ಹಳೇ ರೈಲಿನ ಒಂದು ಬೋಗಿ! ಮೈದಾ ಅಂಟನ್ನು ಹುಳ ತಿಂದಿದೆ, ಅಂಗಿ ಗುಂಡಿಯ ಚಕ್ರ ಮೂರೇ ಉಳಿದಿವೆ. ಚಾವಣಿ ಮೇಲೆ ಅಪ್ಪನ ಹೆಬ್ಬೆಟ್ಟಿನ ಬಣ್ಣದ ಗುರುತು ಹಾಗೇ ಇದೆ. ಅದನ್ನು ರಿಪೇರಿ ಮಾಡಲ್ಲ. ಹೊಸ ಸ್ಟೇಷನ್ನಿನ ಪಕ್ಕದ ಹಳಿಯಲ್ಲಿ ನಿಲ್ಲಿಸಿದ್ದೀನಿ.